ಕಾಣದಿದ್ದರೆ ಹೋಯಿತೇ?

ರಕ್ತದಲ್ಲಿ ಎಚ್‌ಐವಿ ಕಾಣಿಸದಷ್ಟು ಇಳಿದಿದೆ ಎಂದು ಡಾಕ್ಟರು ಹೇಳಿದ್ದೇ ತಡ, ಬೇಕರಿಯ ಯಜಮಾನರು ತಮಗೆ ಪೂರ್ತಿ ಗುಣವಾಯಿತೆಂದೂ ಇನ್ನು ಮಾತ್ರೆ ಬೇಡವೆಂದೂ ಯಾರನ್ನೂ ಕೇಳದೆ ಘೋಷಿಸಿದರು.

ಹಿಟ್ಟು ನಾದುತ್ತಿದ್ದ ಹೆಂಡತಿ ತಲೆಯೆತ್ತಿದಳು. "ಏನ್ರೀ, ನಮ್ಮ ಗೋದಾಮಲ್ಲಿ ಈಗ ಇಲಿ ಕಾಟ ಇದ್ಯಾ?"

"ಬೆಕ್ಕು ತಂದ ಮೇಲೆ ಒಂದೂ ಕಂಡಿಲ್ಲ ಕಣೇ."

"ಹಾಗಾದ್ರೆ ಬೆಕ್ಕನ್ನ ಓಡಿಸಿಬಿಡೋಣ, ಹಾಲಾದ್ರೂ ಉಳಿಯುತ್ತೆ."

"ತಲೆ ಕೆಟ್ಟಿದ್ಯಾ? ಮೂಲೇಲಿ ಅವಿತಿರೋವೆಲ್ಲ ಹೊರಗೆ ಬಂದು ಮೂಟೆ ತೂತು ಮಾಡ್ತಾವೆ!" ಎಂದು ಗದರಿದವರು ಅಷ್ಟಕ್ಕೇ ತಡೆದು ನಿಂತರು.

"ದಿನಾ ಮಾತ್ರೆ ತಗೊಂಡು ವೈರಸ್ಸು ಹೀಗೇ ಅಡಗಿದ್ರೆ ನಂಗೂ ಅಂಟಲ್ಲ ಅಂದಿದಾರೆ ಡಾಕ್ಟರು. ಮುದುಕಿ ಆಗೋವರೆಗೂ ನಿಮ್ಮ ಜೊತೆ ಜಗಳ ಆಡ್ಬೇಕು ಅಂತಿದೀನಿ ನಾನು."

ಯಜಮಾನರು ಆ ದಿನದ ಮಾತ್ರೆಗೆ ನೀರು ಕೇಳಿದರು.