ಅಮ್ಮನ ಹೆಬ್ಬೆರಳು

“ತಲೆ ವಾಲ್ತಿದೆ, ಹಿಡ್ಕೊಳ್ರೋ!” ಎಂದು ಸೋದರತ್ತೆ ಕೂಗುವಷ್ಟರಲ್ಲಿ ಕಮಲಾದೇವಿಯ ಹಣೆಗೆ ಬಿಳಿಬಟ್ಟೆ ಸುತ್ತಿ ಕಿಟಕಿಯ ಸರಳಿಗೆ ಬಿಗಿದರು. ಇಟ್ಟಮಡುವಿನ ಮನೆಯ ಹಾಲಿನಲ್ಲಿ ಹೆಣ ನೆಟ್ಟಗೆ ಕೂತಿತು. ಎಡ ಅಂಗೈಯಲ್ಲಿ ಇಷ್ಟಲಿಂಗ, ಮೈತುಂಬ ವಿಭೂತಿ.

“ಮೂರು ವರ್ಷದಿಂದ ಹಾಸಿಗೆ ಬಿಟ್ಟು ಎದ್ದೋಳಲ್ಲ. ಇವತ್ತು ನೋಡಿ, ಏನು ಗತ್ತು!” ಅತ್ತೆ ಬೆವರು ಒರೆಸಿಕೊಂಡಳು. ಬಾಗಿಲ ಬಳಿ ಯಾರೋ ಮೂಗಿನಲ್ಲೇ ನಕ್ಕರು.

“ಸದ್ಯ, ಹಾರ್ಟ್ ಅಟ್ಯಾಕಲ್ಲಿ ಹೋದ್ಲು,” ಎಂದರು ಗಂಡ ಜಯದೇವಪ್ಪ. “ಅವಳ ಡಿಪ್ರೆಷನ್ ಮಾತ್ರೆಗಳ್ನ ನೋಡಿ, ಎಲ್ಲಿ ಪೊಲೀಸ್ ಸ್ಟೇಷನ್‌ಗೆ ಅಲೆಸ್ತಾಳೋ ಅಂದ್ಕೊಂಡಿದ್ದೆ.”

ಮಗಳು ಶಿಲ್ಪಶ್ರೀ ಅಮ್ಮನ ಸೆರಗು ಸರಿಪಡಿಸಿದಳು. ಅಮ್ಮನನ್ನು ಮನೋವೈದ್ಯರ ಬಳಿ ಕರೆದುಕೊಂಡು ಹೋದವಳು ಅವಳೊಬ್ಬಳೇ. ಅಷ್ಟು ಅರ್ಥಮಾಡಿಕೊಂಡ ಮಗಳು ಯಾರಿಗೂ ಸಿಗುವುದಿಲ್ಲವೆಂದು ಬೆಳಿಗ್ಗೆಯಿಂದ ಬಂದವರೆಲ್ಲ ಹೇಳಿದ್ದರು.

ಅಣ್ಣ ಶರಣ್ ಅಮ್ಮನ ಫೋನು ಹಿಡಿದು ಬಂದ. “ಬ್ಯಾನರ್‌ಗೆ ಒಳ್ಳೆ ಫೋಟೋ ಬೇಕು. ಎಲ್ಲಾ ಇದ್ರಲ್ಲೇ ಇದೆ. ಪಿನ್ ಏನೇ?”

“ಗೊತ್ತಿಲ್ಲ,” ಎಂದಳು ಶಿಲ್ಪಶ್ರೀ. ನಿಜವಾಗಿಯೂ ಗೊತ್ತಿರಲಿಲ್ಲ.

“ಬೆರಳಿದೆಯಲ್ಲ,” ಎಂದು ಶರಣ್ ಹೆಣದ ಬಲಗೈ ಎತ್ತಿದ.

*

ಹಿಂದಿನ ದಿನ ಬೆಳಿಗ್ಗೆ ಹತ್ತೂಕಾಲಿಗೆ ಅದೇ ಫೋನಿನಿಂದ ಕರೆ ಬಂದಿತ್ತು.

“ಶಿಲ್ಪಾ, ಎದೆ ಹಿಂಡ್ತಿದೆ ಕಣೇ. ಎಡಗೈ ಸೆಳೀತಿದೆ.”

“ಹೋದ ತಿಂಗಳೂ ಹೀಗೇ ಅಂದೆ, ಇಸಿಜಿ ನಾರ್ಮಲ್ ಬಂತು. ಇದು ಪ್ಯಾನಿಕ್ ಅಮ್ಮಾ. ಹೇಳ್ಕೊಟ್ಟಿಲ್ವಾ? ಉಸಿರು ತಗೊಂಡು ನಾಲ್ಕು ಎಣಿಸು.”

“ಎಣಿಸ್ದೆ. ಹೋಗ್ತಿಲ್ಲ. ನಿಮ್ಮಪ್ಪಂಗೆ ಹೇಳ್ಲಾ?”

“ಬೇಡ, ನಾಟಕ ಅಂತಾರೆ. ಮತ್ತೆ ಎಣಿಸು.”

ಆಮೇಲೆ ಏಳು ಸಲ ಫೋನು ಬಂತು. ಜಯನಗರದ ಆಫೀಸಿನಲ್ಲಿ ಶಿಲ್ಪಶ್ರೀ ನಲವತ್ತು ಜನರಿಗೆ ಮಾನಸಿಕ ಆರೋಗ್ಯದ ಬಗ್ಗೆ ತರಬೇತಿ ಕೊಡುತ್ತಿದ್ದಳು. ಫೋನನ್ನು ಮಗುಚಿಟ್ಟಳು.

*

ತನ್ನ ಫೋನಿನಿಂದ ಆ ಎಂಟು ಕರೆಗಳನ್ನು ರಾತ್ರಿಯೇ ಅಳಿಸಿದ್ದಳು. ಅಮ್ಮನ ಫೋನಿನಲ್ಲಿ ಅವು ಹಾಗೇ ಇದ್ದವು.

ಶರಣ್ ಹೆಬ್ಬೆರಳನ್ನು ಒತ್ತಿದ. ತೆರೆಯಲಿಲ್ಲ. ತನ್ನ ಅಂಗಿಗೆ ಒರೆಸಿ ಮತ್ತೆ ಒತ್ತಿದ.

“ತಣ್ಣಗಾಗಿದೆ,” ಎಂದರು ಜಯದೇವಪ್ಪ. “ಬಿಸಿನೀರಲ್ಲಿ ಅದ್ದಿ ನೋಡೋ. ನಿನ್ನೆ ಯಾರಿಗಾದ್ರೂ ಫೋನ್ ಮಾಡಿದ್ಲಾ ಅಂತಾನೂ ಗೊತ್ತಾಗುತ್ತೆ. ನಾನು ಪೇಪರ್ ಓದ್ತಾ ಪಕ್ಕದ ರೂಮಲ್ಲೇ ಇದ್ದೆ. ನನ್ನನ್ನೂ ಕರೀಲಿಲ್ಲ ನೋಡು.”

ಶರಣ್ ನೀರು ಕಾಯಿಸಲು ಒಳಗೆ ಹೋದ.

ಶಿಲ್ಪಶ್ರೀ ತಟ್ಟೆಯಿಂದ ವಿಭೂತಿಗಟ್ಟಿ ತೆಗೆದುಕೊಂಡು ಅಮ್ಮನ ಕಾಲ ಬಳಿ ಕೂತಳು. ಬಲಗೈಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಗಟ್ಟಿಯ ಒರಟು ಅಂಚಿನಿಂದ ಹೆಬ್ಬೆರಳಿನ ತುದಿಯನ್ನು ಉಜ್ಜತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಹಲ್ಲು ಕಚ್ಚಿ.

“ನೋಡ್ರೇ, ಒಂದು ಬೆರಳೂ ಬಿಡ್ದೆ ಹಚ್ತಿದ್ದಾಳೆ,” ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹೆತ್ರೆ ಇಂಥ ಮಗಳನ್ನ ಹೆರಬೇಕು.”

ಬೆರಳಿನ ಗೆರೆಗಳು ಅಳಿದು, ಚರ್ಮ ಹಾಳೆಯ ಹಾಗೆ ಸುಲಿದು ಮೇಲೆದ್ದಿತು. ರಕ್ತ ಬರಲಿಲ್ಲ.