ಸುಮ್ಮನಾದ ಕೇಕು

ಬೇಕರಿಯ ಮಾಸ್ಟರ್ ನಲವತ್ತು ವರ್ಷದಿಂದ ಸ್ಪಂಜ್ ಕೇಕಿನ ಹದ ನೋಡುತ್ತಿದ್ದುದು ಕಣ್ಣಿನಿಂದಲ್ಲ, ಕಿವಿಯಿಂದ. ಓವನ್ನಿನ ಬಾಗಿಲು ತೆರೆದು, ತಟ್ಟೆಯನ್ನು ಅರ್ಧ ಎಳೆದು, ಕೇಕಿನ ಹತ್ತಿರ ಕಿವಿ ತರುವರು. ಒಳಗೆ ಹಸಿ ಇದ್ದರೆ ಚುರುಚುರು ಎನ್ನುತ್ತದೆ, ಬೆಂದರೆ ತೆಪ್ಪಗಾಗುತ್ತದೆ. ಅವರು ಹೀಗೆ ಕಿವಿಗೊಟ್ಟಾಗ ಯಾರೂ ಪಿಟಕ್ಕೆನ್ನಬಾರದು. ಮಿಕ್ಸರ್ ನಿಲ್ಲಬೇಕು, ಗಿರಾಕಿಯೂ ಬಾಯಿ ಮುಚ್ಚಿಕೊಂಡು ಕಾಯಬೇಕು. ಸೊಸೆ ಕಡ್ಡಿ ಚುಚ್ಚಿ ನೋಡುವುದನ್ನು ಕಂಡರಂತೂ ಅವರಿಗೆ ಮೈಯೆಲ್ಲ ಉರಿ.

“ಅದೇನು ಕೇಕೋ, ಜ್ವರದ ರೋಗಿಯೋ? ಸೂಜಿ ಚುಚ್ತೀಯಲ್ಲ!”

ಇತ್ತೀಚೆಗೆ ಕೇಕುಗಳು ವಿಪರೀತ ವಿಧೇಯವಾಗಿದ್ದವು. ಅವರು ಬಾಗಿದ ಕ್ಷಣವೇ ಸುಮ್ಮನಾಗಿಬಿಡುತ್ತಿದ್ದವು. ಹೊರಗೆ ತೆಗೆದ ಐದು ನಿಮಿಷಕ್ಕೆ ನಡು ಕುಸಿದು ಒಳಗೆಲ್ಲ ಅಂಟಂಟು. ಮಾಸ್ಟರ್ ಮೊಟ್ಟೆಯವನನ್ನು ಬೈದರು, ಮೈದಾ ಬದಲಿಸಿದರು, ಓವನ್ ರಿಪೇರಿಯವನನ್ನು ಎರಡು ಸಲ ಕರೆಸಿದರು. ಆತ ಏನೋ ಗೊಣಗಿ ಹೋದ. ಈಗಿನ ಕಾಲದವರೆಲ್ಲ ಗೊಣಗುವವರೇ, ಬಾಯಿಬಿಟ್ಟು ಮಾತಾಡುವವರೇ ಇಲ್ಲ ಎಂದು ಮಾಸ್ಟರಿಗೆ ಬೇಸರ.

ಅಂದು ಓವನ್ನಿನಲ್ಲಿದ್ದದ್ದು ಮೊಮ್ಮಗಳ ಮದುವೆಯ ಕೇಕು. ಮರುದಿನ ಬೆಳಿಗ್ಗೆಯೇ ಮದುವೆ. ತಾತ ಮಾಡಿದ ಕೇಕೇ ಬೇಕೆಂದು ಹುಡುಗಿ ಹಟ ಹಿಡಿದಿದ್ದಳು. ಇದೂ ಕುಸಿದರೆ ಬೀಗರ ಮುಂದೆ ತಲೆ ಎತ್ತುವ ಹಾಗಿಲ್ಲ, ಅವಳ ಮುಖ ನೋಡುವ ಹಾಗೂ ಇಲ್ಲ.

ಮಾಸ್ಟರ್ ಕೈ ಎತ್ತಿದರು. ಬೇಕರಿಯೆಲ್ಲ ಉಸಿರು ಬಿಗಿಹಿಡಿಯಿತು. ಕಿವಿ ಬಾಗಿಸಿದರು. ಕೇಕು ತೆಪ್ಪಗಿತ್ತು. ಎಂಥ ಒಳ್ಳೆಯ ಕೇಕು ಎಂದುಕೊಂಡು ತಟ್ಟೆಗೆ ಕೈ ಹಾಕುವಷ್ಟರಲ್ಲಿ ಕಾಲ ಬಳಿ ಏನೋ ಹೊಳೆಯಿತು. ಮೈದಾ ಡಬ್ಬಿಯ ದೊಡ್ಡ ತಗಡಿನ ಮುಚ್ಚಳ! ಹಿಂದಿನಿಂದ ಉರುಳಿ ಬಂದು, ಕಲ್ಲು ನೆಲದ ಮೇಲೆ ಗಿರಗಿರ ತಿರುಗಿ, ತತ್ತರಿಸಿ ತತ್ತರಿಸಿ ಮಲಗಿತು. ಇಷ್ಟೆಲ್ಲ ಆದರೂ ಒಂದಿಷ್ಟು ಸದ್ದಿಲ್ಲ. ತಿರುಗಿ ನೋಡಿದರೆ ಗಿರಾಕಿಯೊಬ್ಬ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಾನೆ. ಸೊಸೆಯ ಕೈ ಖಾಲಿ, ಕಣ್ಣಲ್ಲಿ ನೀರು. ಮುಚ್ಚಳ ಕೈಜಾರಿತ್ತೋ, ಅವಳೇ ಬಿಟ್ಟಿದ್ದಳೋ, ಕೇಳಲು ಅವರಿಗೆ ಧೈರ್ಯ ಬರಲಿಲ್ಲ.

ನಲವತ್ತು ವರ್ಷ ಊರವರ ಬಾಯಿ ಮುಚ್ಚಿಸಿದ ಮನುಷ್ಯನಿಗೆ ಭಯವಾಯಿತು. ತಟ್ಟೆಯನ್ನು ಮೆಲ್ಲಗೆ ಒಳಗೆ ತಳ್ಳಿ ಬಾಗಿಲು ಹಾಕಿದರು.

“ಇನ್ನೂ ಚುರುಗುಟ್ತಾ ಇದೆ,” ಎಂದರು ಗತ್ತಿನಿಂದ. “ನಿಮಗೆಲ್ಲಿ ಕೇಳ್ಸುತ್ತೆ!”

ಸೊಸೆ ಹೌದೆಂದು ತಲೆಯಾಡಿಸಿದಳು. ಹತ್ತು ನಿಮಿಷದ ಮೇಲೆ ಮಾಸ್ಟರ್ ಮತ್ತೆ ಬಾಗಿಲು ತೆರೆದರು. ಈ ಸಲ ಬಾಗಲಿಲ್ಲ. ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟರು.

“ನೀನು ಕೇಳಮ್ಮ. ಎಲ್ಲಾ ನಾನೇ ಎಷ್ಟು ದಿನ ಅಂತ ಮಾಡ್ಲಿ?” ನೆಲದ ಮೇಲಿನ ಮುಚ್ಚಳವನ್ನೇ ನೋಡುತ್ತ ಸೇರಿಸಿದರು. “ಸುಮ್ಮನಾದ ಕೂಡ್ಲೇ ಹೇಳು. ಜೋರಾಗಿ ಹೇಳು.”