ಹೆಸರು ಬೀಳುವ ಜಾಗ

ಹಾಲೇಶಪ್ಪ ಮೇಷ್ಟ್ರಿಗೆ ಎಲ್ಲವೂ ಪದ್ಯವೇ. ಬೀಸುವಾಗ ಹೇಳುವುದೂ ಪದ್ಯ, ಹಸೆಮಣೆಯ ಮುಂದೆ ಹೇಳುವುದೂ ಪದ್ಯ. ಹೊನ್ನಾಳಿಯಿಂದ ಜಗಳೂರು ಸೀಮೆಯ ಈ ಹಳ್ಳಿಗೆ ವರ್ಗವಾಗಿ ಬಂದವರು, ರಜೆ ಬಂತೆಂದರೆ ಮುದುಕಿ ಗಾದ್ರಮ್ಮನ ಜಗಲಿ ಹತ್ತಿ ಹಾಡು ಬರೆದುಕೊಳ್ಳಲು ನೋಟುಬುಕ್ಕು ಬಿಚ್ಚುತ್ತಿದ್ದರು. ಗಾದ್ರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

“ಅಲ್ರೀ ಮೇಷ್ಟ್ರೇ, ಬೀಸಾಕೆ ಕುಂತಾಗ ಹೇಳೋದು ಪದ. ಮದುವ್ಯಾಗೆ ಹೇಳೋದು ಸೋಬಾನೆ. ಹೆಂಡ್ತಿ ಗಂಡನ ಹೆಸರು ಹೇಳಾಕೆ ಕಟ್ಟೋದು ಒಡಪು. ಎಲ್ಲಾನೂ ಒಂದೇ ಗಡಿಗ್ಯಾಗೆ ಹಾಕಿ ಕಲಸ್ತೀರಲ್ಲ!”

ಬೈದರೂ ಹೇಳಿಕೊಡುತ್ತಿದ್ದಳು. ಕಾರಣವಿತ್ತು. ಮಗ ಪಾಲಣ್ಣ ಯುದ್ಧಕ್ಕೆಂದು ಬರ್ಮಾ ಕಡೆ ಹೋದವನು. ಕಾಗದ ನಿಂತು ಹದಿನಾಲ್ಕು ತಿಂಗಳಾಗಿತ್ತು. ಅವನ ಸುದ್ದಿ ಕೇಳಿ ಮಿಲಿಟರಿ ಆಫೀಸಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲವರು ಊರಿಗೆಲ್ಲ ಮೇಷ್ಟ್ರೊಬ್ಬರೇ. ಬುಕ್ಕು ಮುಗಿದ ದಿನ ಬರೆದುಕೊಡುವುದಾಗಿ ಮಾತು ಕೊಟ್ಟಿದ್ದರು.

ಆ ಭಾನುವಾರ ಒಂದೇ ಹಾಳೆ ಉಳಿದಿತ್ತು. “ಸಾವಿನ ಪದ್ಯ ಒಂದು ಹೇಳ್ಬಿಡ್ರಿ, ಗಾದ್ರಮ್ಮ,” ಎಂದರು ಮೇಷ್ಟ್ರು.

“ಬಿಡ್ತು ಅನ್ರೀ! ಅದು ಪದ್ಯಾನೂ ಅಲ್ಲ, ಪದಾನೂ ಅಲ್ಲ. ಹಾಡಿಕೊಂಡು ಅಳೋದು. ಮುಂದೆ ಹೆಣ ಇಲ್ದೆ ಬಾಯಿಗೆ ತರಬಾರ್ದು.”

“ರಾಗ ಬ್ಯಾಡ. ಬರೀ ಮಾತು ಹೇಳ್ರಿ. ಇದೊಂದಾದ್ರೆ ಬುಕ್ಕು ಮುಗೀತು, ಇವತ್ತೇ ಅರ್ಜಿ ಬರೀತೀನಿ.”

ಅರ್ಜಿ ಎಂಬ ಮಾತಿಗೆ ಮುದುಕಿಯ ಹಟ ಕರಗಿತು. ರಾಗವಿಲ್ಲದೆ ಹೇಳಿದರೆ ಯಾವ ದೇವರು ಕೇಳಿಸಿಕೊಂಡಾನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಸಂತೆಯ ಸಾಮಾನು ಒಪ್ಪಿಸುವವಳಂತೆ ಶುರುಮಾಡಿದಳು.

“ಹೊಸಲು ದಾಟಿ ಹೊಂಟ್ಯಲ್ಲೋ... ಹಿಂದಕ್ಕೆ ತಿರುಗಿ ನೋಡ್ಲಿಲ್ಲಲ್ಲೋ... ನನ್ನಪ್ಪಾ...”

ಅಲ್ಲಿಗೆ ನಿಂತಳು. ಅಲ್ಲಿ ಸತ್ತವರ ಹೆಸರು ಬೀಳಬೇಕು.

ಮೇಷ್ಟ್ರು ಬರೆಯುತ್ತಲೇ ಇದ್ದರು, ತಲೆಯೆತ್ತಲಿಲ್ಲ. “ಹ್ಞೂಂ, ನನ್ನಪ್ಪಾ... ಆಮೇಲೆ?”

“ಪಾಲಣ್ಣಾ,” ಎಂದಳು ಗಾದ್ರಮ್ಮ.

ಎಲ್ಲಿತ್ತೋ ರಾಗ, ಅದೂ ಜೊತೆಗೇ ಬಂತು. ಅಯ್ಯೋ, ಹಾಳು ಬಾಯಿ! ಹೆಸರು ಜಾರಿ ಬಿದ್ದದ್ದಲ್ಲ, ತಿಂಗಳುಗಟ್ಟಲೆ ಎದೆಯಲ್ಲಿ ಕೂತಿದ್ದದ್ದು ಎದ್ದು ಬಂದಿತ್ತು. ಮಗ ಇಲ್ಲವೆಂದು ತಾನು ಯಾವತ್ತೋ ನಂಬಿಬಿಟ್ಟಿದ್ದೇನೆ ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು.

ಒಳಗೆ ಬೀಸುಕಲ್ಲಿನ ಸದ್ದು ನಿಂತಿತು. ಸೊಸೆ ಕರಿಯಕ್ಕ, ಪಾಲಣ್ಣನ ಹೆಂಡತಿ, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಅತ್ತೆಯ ಕಡೆ ನೋಡಲಿಲ್ಲ.

“ಅದನ್ನ ಹೊಡೆದು ಹಾಕ್ರಿ, ಮೇಷ್ಟ್ರೇ. ಇದನ್ನ ಬರ್ಕೊಳ್ರಿ.”

ಮದುವೆಯ ದಿನ ಬಿಟ್ಟರೆ ಒಮ್ಮೆಯೂ ಗಂಡನ ಹೆಸರೆತ್ತದವಳು, ಓಣಿಗೆಲ್ಲ ಕೇಳುವಂತೆ ಹೇಳಿದಳು:

“ಗೂಟದ ಮ್ಯಾಲಿನ ಕಂಬ್ಳಿ ಹಾಸಿಲ್ಲ, ಮಡಚಿಲ್ಲ,
ಪಾಲಣ್ಣ ಬರೋ ತನಕ ಅಗಳಿ ನಾ ಹಾಕಲ್ಲ.”

ಮೇಷ್ಟ್ರು ಮೇಲಿನ ಸಾಲುಗಳನ್ನು ಮಸಿಯಿಂದ ಗೀಚಿ ಹಾಕಿ, ಕೆಳಗೆ ಇದನ್ನು ಬರೆದರು. ಪದ್ಯ ಎಂದು ಬರೆಯಲಿಲ್ಲ, ಒಡಪು ಎಂದೇ ಬರೆದರು.

ಒಡಪು ಕೇಳಿದ ಹಿರಿಯರು ‘ನೂರು ಕಾಲ ಬಾಳ್ರಿ’ ಎಂದು ಇಬ್ಬರನ್ನೂ ಹರಸಬೇಕು, ಅದು ಪದ್ಧತಿ. ಕರಿಯಕ್ಕ ಈಗ ಅತ್ತೆಯ ಮುಖವನ್ನೇ ನೋಡುತ್ತ ಕಾದು ನಿಂತಳು. ಗಾದ್ರಮ್ಮ ಬಾಯಿ ತೆರೆದಳು. ಮಾತು ಹೊರಡಲಿಲ್ಲ.